ಅದೇ ಹಣದಲ್ಲಿ ಒಂದು ಬಾವಿಯೋ, ಎರಡು ಬಾವಿಯೋ? ಹಣ ಕೂಡಿಸಿದ ಮಹಿಳೆಯರ ಗೊಂದಲ

ಪ್ರಶ್ನೆ: ಹದಿಮೂವರಲ್ಲಿ ಒಬ್ಬಳು

ಎಲ್ಲರಿಗೂ ನಮಸ್ಕಾರ. ಕುಡಿಯುವ ನೀರಿಗೆ ದಿಕ್ಕಿಲ್ಲದ ಒಂದು ಬಡ ಹಳ್ಳಿಗೆ ಬಾವಿ ಮಾಡಿಸಿಕೊಡಬೇಕೆಂದು ನಾವು ಹದಿಮೂರು ಮಂದಿ ಮಹಿಳೆಯರು ಒಂದೂವರೆ ವರ್ಷದಿಂದ ಹಣ ಕೂಡಿಸುತ್ತಿದ್ದೇವೆ. ನಮ್ಮಲ್ಲಿ ಯಾರೂ ಎಂಜಿನಿಯರ್ ಅಲ್ಲ, ಯಾರೂ ಶ್ರೀಮಂತರೂ ಅಲ್ಲ. ಚೀಲ ಹೊಲಿದು ಮಾರಿದೆವು, ಪರಿಚಯದವರ ಬಾಗಿಲು ತಟ್ಟಿದೆವು, ಕೊನೆಗೆ ತಲಾ 20 ಲೀಟರ್ ನೀರಿನ ಕ್ಯಾನು ಹೊತ್ತು 3 ಕಿಲೋಮೀಟರ್ ನಡೆಯುತ್ತೇವೆ, ನಡೆದಷ್ಟು ದೂರಕ್ಕೆ ತಕ್ಕಂತೆ ನೀವು ಕೊಡಿ ಎಂದು ದಾನಿಗಳನ್ನು ಕೇಳಿ ಒಂದು ನಡಿಗೆಯನ್ನೂ ಏರ್ಪಡಿಸಿದೆವು. ಮೊದಲ ಕಿಲೋಮೀಟರ್ ಮುಗಿಯುವುದರೊಳಗೆ ನಮ್ಮಲ್ಲಿ ಐವರು ಕ್ಯಾನು ಕೆಳಗಿಟ್ಟರು. ಆ ಐವರಲ್ಲಿ ನಾನೂ ಇದ್ದೆ. ವಿಚಿತ್ರವೆಂದರೆ ಎಲ್ಲಕ್ಕಿಂತ ಹೆಚ್ಚು ಹಣ ಬಂದದ್ದು ಆ ದಿನವೇ. ನೋಡಲು ಬಂದವರು ನಾವು ಕೆಳಗಿಟ್ಟ ಕ್ಯಾನುಗಳನ್ನು ತಾವು ಎತ್ತಿ ನೋಡಿದ್ದರು.

ಈಗ ಕೈಯಲ್ಲಿರುವ ಹಣ ಕೈಪಂಪು ಕೂರಿಸಿದ ಒಂದು ಕೊಳವೆ ಬಾವಿಗೆ ಧಾರಾಳವಾಗಿ ಸಾಕು. ತೊಡಕು ಶುರುವಾಗಿರುವುದು ಈ ಧಾರಾಳದಿಂದಲೇ. ಕೆಲಸ ವಹಿಸಿಕೊಳ್ಳಲು ಮುಂದೆ ಬಂದಿರುವ ಒಂದು ಸಂಸ್ಥೆಯವರು, ಪ್ರಯೋಗಾಲಯದಲ್ಲಿ ನೀರಿನ ಪರೀಕ್ಷೆ, ಹಳ್ಳಿಯವರಿಗೆ ತರಬೇತಿ, ಮುಂದಿನ ದುರಸ್ತಿಗೆಂದು ಮೀಸಲು ಇವನ್ನೆಲ್ಲ ಕೈಬಿಟ್ಟರೆ ಇದೇ ಮೊತ್ತದಲ್ಲಿ ಎರಡು ಹಳ್ಳಿಗಳಿಗೆ ಎರಡು ಬಾವಿ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ನಮ್ಮ ಗುಂಪು ಇಬ್ಭಾಗವಾಗಿದೆ. ಎರಡು ಹಳ್ಳಿಯ ಮಕ್ಕಳು ಹೊಂಡದ ನೀರು ಕುಡಿಯುತ್ತಿರುವಾಗ ಒಂದು ಹಳ್ಳಿಗೆ ಮಾತ್ರ ಕೊಟ್ಟು, ಮಿಕ್ಕ ಹಣವನ್ನು ಎಂದೋ ಕೆಡಬಹುದಾದ ಪಂಪಿಗಾಗಿ ಕಟ್ಟಿಡುವುದು ಯಾವ ನ್ಯಾಯ ಎಂದು ಏಳು ಮಂದಿ ಕೇಳುತ್ತಾರೆ. ಉಳಿದ ಆರು ಮಂದಿಗೆ ಇದು ಸರಿಯಲ್ಲವೆಂದು ಅನ್ನಿಸುತ್ತಿದೆಯೇ ಹೊರತು, ಏಕೆ ಸರಿಯಲ್ಲವೆಂದು ಹೇಳಲು ನಮಗೆ ಬರುತ್ತಿಲ್ಲ.

ಇದರ ಜೊತೆಗೆ, ದೊಡ್ಡ ಮೊತ್ತ ಕೊಟ್ಟ ದಾನಿಯೊಬ್ಬರು ತಮ್ಮ ತಾಯಿಯ ಹೆಸರಿನ ಕಲ್ಲು ಬಾವಿಯ ಪಕ್ಕದಲ್ಲಿ ಇರಬೇಕು, ಎರಡು ತಿಂಗಳೊಳಗೆ ಉದ್ಘಾಟನೆಯ ಚಿತ್ರಗಳು ಕೈಸೇರಬೇಕು ಎಂದಿದ್ದಾರೆ. ಅವರನ್ನು ನೋಯಿಸುವ ಮನಸ್ಸು ನಮಗಿಲ್ಲ. ಇನ್ನೊಂದು ಮಾತು, ಇದೇ ನನ್ನನ್ನು ಹೆಚ್ಚು ಕಾಡುತ್ತಿರುವುದು: ಇಷ್ಟು ದೂರದಲ್ಲಿ ಕುಳಿತ ನಮಗೆ, ಆ ಬಾವಿಯಲ್ಲಿ ಬರುತ್ತಿರುವ ನೀರು ನಿಜಕ್ಕೂ ಶುದ್ಧವೇ ಎಂದು ತಿಳಿಯುವುದು ಹೇಗೆ? ಅನುಭವವಿದ್ದವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ: ಅಂತರ್ಜಲ

ಒಂದೇ ಬಾವಿ ಮಾಡಿಸಿ. ನಾನು ಹಲವು ವರ್ಷ ಕೊಳವೆ ಬಾವಿಗಳಿಗೆ ಜಾಗ ಗುರುತಿಸುವ ಕೆಲಸ ಮಾಡಿದವನು. ಹಾಗಾಗಿ ನನ್ನ ಮಾತಿನಲ್ಲಿ ನೆಲದಡಿಯ ವಿಚಾರವೇ ಹೆಚ್ಚಿದ್ದರೆ ಕ್ಷಮಿಸಬೇಕು.

ಆ ಸಂಸ್ಥೆಯವರು ಕೈಬಿಡೋಣ ಎಂದ ಮೂರರಲ್ಲಿ ಮೊದಲನೆಯದನ್ನೇ ನೋಡಿ. ಬಾಂಗ್ಲಾದೇಶದಲ್ಲಿ 1970ರ ದಶಕದಿಂದೀಚೆಗೆ, ಕೆರೆಕುಂಟೆಗಳ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುವುದನ್ನು ತಡೆಯಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ಲಕ್ಷಾಂತರ ಕೊಳವೆ ಬಾವಿಗಳನ್ನು ಇಳಿಸಲಾಯಿತು. ಆಗ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇದೆಯೇ ಎಂದು ಯಾರೂ ಪರೀಕ್ಷಿಸುತ್ತಿರಲಿಲ್ಲ. ಅಲ್ಲಿನ ಬಾವಿಗಳ ನೀರಿನಲ್ಲಿ ಅದು ಇರುವುದು ಪತ್ತೆಯಾದದ್ದು 1993ರಲ್ಲಿ. ಅಷ್ಟರೊಳಗೆ ಕೋಟ್ಯಂತರ ಜನ ಆ ನೀರನ್ನು ವರ್ಷಗಟ್ಟಲೆ ಕುಡಿದಾಗಿತ್ತು. ಆಮೇಲೆ ಪಂಪುಗಳನ್ನು ಒಂದೊಂದಾಗಿ ಪರೀಕ್ಷಿಸಿ, ವಿಷವಿದ್ದವಕ್ಕೆ ಕೆಂಪು ಬಣ್ಣವನ್ನೂ ಇಲ್ಲದವಕ್ಕೆ ಹಸಿರು ಬಣ್ಣವನ್ನೂ ಬಳಿಯಬೇಕಾಯಿತು. ಆರ್ಸೆನಿಕ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದೂ ಇಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು. ಫ್ಲೋರೈಡಿಗೆ ಲೀಟರಿಗೆ 1.5 ಮಿಲಿಗ್ರಾಂ ಮಿತಿ. ಅದನ್ನು ಬಹುವಾಗಿ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಮೂಳೆ ಬಿಗಿದು ಬಾಗುತ್ತದೆ. ಬಂಡೆಯ ಆಳದ ನೀರು ಎಷ್ಟೇ ತಿಳಿಯಾಗಿದ್ದರೂ ಈ ಎರಡರ ಪರೀಕ್ಷೆಯಿಲ್ಲದೆ ಅದನ್ನು ಕುಡಿಯುವ ನೀರು ಎಂದು ಯಾರ ಕೈಗೂ ಕೊಡಬಾರದು.

ತಿಳಿ ನೀರು ಎಂಬ ಮಾತಿನ ಮೇಲೆ ಒಂದು ಪಕ್ಕದ ಕಥೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಪಂಪಿನಿಂದ ಕಾಲರಾ ಹರಡಿದ್ದನ್ನು ವೈದ್ಯ ಜಾನ್ ಸ್ನೋ ಗುರುತಿಸಿದರು. ಆ ಬಾವಿಯ ನೀರಿಗೆ ಒಳ್ಳೆಯ ರುಚಿಯ ಹೆಸರಿತ್ತು; ಎಷ್ಟೆಂದರೆ ಬೇರೆ ಬಡಾವಣೆಗೆ ಮನೆ ಬದಲಿಸಿದ ಒಬ್ಬ ವಿಧವೆ ಪ್ರತಿದಿನವೂ ಅಲ್ಲಿಂದಲೇ ನೀರು ತರಿಸಿಕೊಂಡು ಕುಡಿಯುತ್ತಿದ್ದರು. ಅವರೂ ಕಾಲರಾಕ್ಕೆ ಬಲಿಯಾದರು. ಬಾವಿಗೆ ಮಾರುದೂರದಲ್ಲೇ ಮಲದ ಗುಂಡಿಯೊಂದು ಸೋರುತ್ತಿದ್ದದ್ದು ಆಮೇಲೆ ಗೊತ್ತಾಯಿತು. ಶೌಚಾಲಯದ ಗುಂಡಿಗೂ ಬಾವಿಗೂ ಕನಿಷ್ಠ 30 ಮೀಟರ್ ಅಂತರವಿರಲಿ ಎಂದು ಇಂದಿನ ನೆರವಿನ ಮಾನದಂಡಗಳು ಹೇಳುವುದು ಸುಮ್ಮನೆ ಅಲ್ಲ. ಬಿರುಕುಬಂಡೆಯ ನೆಲದಲ್ಲಿ ಅದೂ ಸಾಲದೆ ಹೋಗಬಹುದು.

ನೀರು ಶುದ್ಧವೇ ಎಂದು ದೂರದಿಂದ ತಿಳಿಯುವುದು ಹೇಗೆ ಎಂದಿರಿ. ಮೊದಲನೆಯದಾಗಿ, ಕೊರೆದ ಕೂಡಲೇ ರಾಸಾಯನಿಕ ಪರೀಕ್ಷೆಯ ವರದಿ ಬರುವವರೆಗೆ ಪಂಪು ಕೂರಿಸಬೇಡಿ ಎಂದು ಒಪ್ಪಂದದಲ್ಲೇ ಬರೆಸಿ. ಎರಡನೆಯದಾಗಿ, ಸೂಕ್ಷ್ಮಾಣುಗಳ ಪರೀಕ್ಷೆಯನ್ನು ಹಳ್ಳಿಯವರೇ ಮಾಡಿಕೊಳ್ಳಬಹುದು. ಔಷಧ ಹೀರಿದ ಕಾಗದದ ತುಂಡಿರುವ ಪುಟ್ಟ ಬಾಟಲಿ ಸಿಗುತ್ತದೆ. ಅದಕ್ಕೆ ಗೆರೆಯವರೆಗೆ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಮಲದ ಸೋಂಕಿನ ಸಂಶಯವಿರುವ ನೀರು ಮಸಿಯಂತೆ ಕಪ್ಪಾಗುತ್ತದೆ. ಇದು ಪ್ರಯೋಗಾಲಯದಷ್ಟು ನಿಖರವಲ್ಲ, ಆದರೆ ಅಕ್ಷರ ಬಾರದವರಿಗೂ ಕಪ್ಪು ಕಾಣಿಸುತ್ತದೆ. ವರ್ಷಕ್ಕೆ ಎರಡು ಸಲ, ಅದರಲ್ಲೂ ಮೊದಲ ಜೋರು ಮಳೆಯ ನಂತರ ಒಮ್ಮೆ, ಆ ಬಾಟಲಿಯ ಚಿತ್ರ ನಿಮಗೆ ಬರಲಿ. ಉದ್ಘಾಟನೆಯ ಚಿತ್ರಕ್ಕಿಂತ ಅದು ಉಪಯೋಗದ್ದು.

ಎರಡು ತಿಂಗಳ ಗಡುವಿನ ಬಗ್ಗೆಯೂ ಹೇಳಬೇಕು. ಬೇಸಿಗೆಯ ಕೊನೆಯಲ್ಲಿ, ಅಂತರ್ಜಲ ಅತ್ಯಂತ ಕೆಳಗಿಳಿದಾಗ ನೀರು ಕೊಡುವ ಬಾವಿಯೇ ಬಾವಿ. ಮಳೆಗಾಲ ಮುಗಿದ ಹೊಸದರಲ್ಲಿ ಕೊರೆದರೆ ಹೆಚ್ಚಿನ ಕಡೆ ನೀರು ಚಿಮ್ಮಿ ಚಿತ್ರ ಚೆನ್ನಾಗಿ ಬರುತ್ತದೆ, ಆರು ತಿಂಗಳಿಗೆ ಪಂಪು ಬರೀ ಗಾಳಿ ಎಳೆಯುತ್ತದೆ. ಮತ್ತೆ, ಕೊರೆದ ಎಲ್ಲ ಜಾಗದಲ್ಲೂ ನೀರು ಬಿದ್ದೇ ಬೀಳುತ್ತದೆಂದು ಯಾರೂ ಖಾತ್ರಿ ಕೊಡಲಾರರು. ಎರಡು ಬಾವಿಗೆ ಸರಿಯಾಗಿ ಹಣ ಹೊಂದಿಸಿಕೊಂಡು ಹೊರಟವರಿಗೆ ಒಂದು ಕೊರೆತ ಬತ್ತಿದರೆ ಮುಂದೇನು? ನಿಮ್ಮ ಧಾರಾಳ ಎಂಬುದು ಧಾರಾಳವಲ್ಲ, ಅದು ಕೆಲಸದ ನಿಜವಾದ ವೆಚ್ಚ.

ಉತ್ತರ: ಹಳೆಯ ಖಜಾಂಚಿ

ನಿಮ್ಮ ಏಳು ಮಂದಿಯ ಮಾತನ್ನು ನಾನು ಹಗುರವಾಗಿ ಕಾಣಲಾರೆ, ಏಕೆಂದರೆ ಒಂದು ಕಾಲಕ್ಕೆ ಅದು ನನ್ನದೇ ಮಾತಾಗಿತ್ತು. ನಮ್ಮ ಮಹಿಳಾ ಗುಂಪು ಕೂಡಿಸಿದ ಹಣದ ಲೆಕ್ಕವನ್ನು ಆರು ವರ್ಷ ನಾನೇ ಬರೆದೆ. ಇದ್ದ ಹಣದಲ್ಲಿ ಮೂರು ಕೈಪಂಪು ಹಾಕಿಸಿದೆವು. ಮೀಸಲು ಎಂಬ ಶಬ್ದವೇ ನಮ್ಮ ಪುಸ್ತಕದಲ್ಲಿ ಇರಲಿಲ್ಲ. ದಾನಿಗಳಿಗೆ ಕಳಿಸಿದ ಪತ್ರದಲ್ಲಿ, ಬಂದ ಹಣವೆಲ್ಲ ನೇರವಾಗಿ ಬಾವಿಗೇ ಹೋಗಿದೆ, ಬೇರೆ ಯಾವುದಕ್ಕೂ ಒಂದು ಕಾಸೂ ಖರ್ಚಾಗಿಲ್ಲ ಎಂದು ಹೆಮ್ಮೆಯಿಂದ ಬರೆದಿದ್ದೆ. ಆ ಸಾಲನ್ನು ಇಂದು ಓದಿದರೆ ಮುಜುಗರವಾಗುತ್ತದೆ.

ಎರಡನೆಯ ವರ್ಷ ನಮ್ಮಲ್ಲಿ ಒಬ್ಬರು ಬೇರಾವುದೋ ಕೆಲಸಕ್ಕೆ ಆ ದಾರಿಯಲ್ಲಿ ಹೋದವರು, ಹೇಗಿದೆಯೋ ನೋಡಿಬರೋಣವೆಂದು ಮೊದಲ ಹಳ್ಳಿಯಲ್ಲಿ ಇಳಿದರು. ಪಂಪಿನ ಹಿಡಿ ಮೇಲೆದ್ದು ನಿಂತಿತ್ತು; ಒತ್ತಿದರೆ ಭಾರವೇ ಇಲ್ಲದೆ ಕೆಳಗೆ ಬರುತ್ತಿತ್ತು. ಕಟ್ಟೆಯ ಮೇಲೆ ಯಾರೋ ಕಾಳು ಒಣಗಿಸಿದ್ದರು. ನಿಂತು ಎಂಟು ತಿಂಗಳಾಗಿತ್ತಂತೆ. ಕಾರಣ ಕೇಳಿದರೆ, ಸಿಲಿಂಡರಿನೊಳಗೆ ಪಿಸ್ಟನ್ನಿಗೆ ಹಾಕುವ ಅಂಗೈಯಗಲದ ರಬ್ಬರ್ ವಾಷರ್ ಸವೆದಿತ್ತು, ಅಷ್ಟೇ. ಅದರ ಬೆಲೆ ನಮ್ಮ ಉದ್ಘಾಟನೆಯ ಹೂವಿನ ಹಾರಕ್ಕಿಂತ ಕಡಿಮೆ. ಆದರೆ ಆ ವಾಷರನ್ನು ಮುಟ್ಟಬೇಕಾದರೆ ನೆಲದೊಳಗಿನ ಅಷ್ಟೂ ಕಬ್ಬಿಣದ ಪೈಪನ್ನು ಒಂದೊಂದಾಗಿ ಕಳಚಿ ಮೇಲೆತ್ತಬೇಕು, ಅದಕ್ಕೆ ತಕ್ಕ ಇಕ್ಕಳಗಳು ಬೇಕು, ನಾಲ್ಕಾರು ಬಲವಾದ ಆಳು ಬೇಕು. ಊರಿನಲ್ಲಿ ಅವೊಂದೂ ಇರಲಿಲ್ಲ, ಕರೆಯಬೇಕಾದ ಮೆಕ್ಯಾನಿಕ್ ಯಾರೆಂಬುದೂ ಗೊತ್ತಿರಲಿಲ್ಲ. ನಮ್ಮ ವಿಳಾಸವಂತೂ ಯಾರ ಬಳಿಯೂ ಇರಲಿಲ್ಲ.

'ಕೆರೆಯಂ ಕಟ್ಟಿಸು, ಬಾವಿಯಂ ಸವೆಸು' ಎಂದು ತಾಯಿಯೊಬ್ಬಳು ಮಗನಿಗೆ ಹಾಲೂಡಿಸುತ್ತಾ ಕಿವಿಯಲ್ಲಿ ಹೇಳಿದಳೆಂಬ ಶಾಸನದ ಮಾತನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದವರು. ಹಳಗನ್ನಡದಲ್ಲಿ ಸವೆಸು ಎಂದರೆ ನಿರ್ಮಿಸು ಎಂದರ್ಥ. ನಾವು ಅದನ್ನು ಇಂದಿನ ಅರ್ಥದಲ್ಲಿ ಪಾಲಿಸಿದೆವು ಎಂದು ನಮ್ಮ ಗುಂಪಿನ ಹಿರಿಯರೊಬ್ಬರು ಆಮೇಲೆ ನಕ್ಕರು. ಆ ನಗುವಿನಲ್ಲಿ ಸೇರಿಕೊಳ್ಳಲು ನನಗಾಗಲಿಲ್ಲ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಸಹಾರಾದ ದಕ್ಷಿಣದ ಆಫ್ರಿಕಾದ ದೇಶಗಳಲ್ಲಿ ಹಾಕಿದ ಕೈಪಂಪುಗಳಲ್ಲಿ ಸುಮಾರು ಮೂರಕ್ಕೊಂದು ಕೆಲಸ ಮಾಡುತ್ತಿಲ್ಲವೆಂಬ ಅಂದಾಜು 2009ರ ಹೊತ್ತಿಗೇ ಗ್ರಾಮೀಣ ನೀರು ಸರಬರಾಜಿನ ತಜ್ಞರ ನಡುವೆ ಚಲಾವಣೆಯಲ್ಲಿತ್ತು. ಪಂಪು ಕೆಡುವುದು ಅಪರೂಪದ ಅನಾಹುತವಲ್ಲ, ಕೆಟ್ಟೇ ಕೆಡುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಪಂಪಿಗೆ 500 ಜನ, ತಲೆಗೆ ದಿನಕ್ಕೆ 15 ಲೀಟರ್ ಎಂದರೂ 7,500 ಲೀಟರ್ ಆಯಿತು, ನಿಮಿಷಕ್ಕೆ 12 ಲೀಟರಿನಂತೆ ಒತ್ತಿದರೆ ಹತ್ತು ಗಂಟೆಗೂ ಮಿಕ್ಕಿ ಹಿಡಿ ಆಡುತ್ತಲೇ ಇರಬೇಕು, ಅದೂ ದಿನಂಪ್ರತಿ. ಯಾವ ವಾಷರ್ ತಾಳೀತು?

ಆದ್ದರಿಂದ ಪಂಪು ಆಯ್ಕೆ ಮಾಡುವಾಗಲೇ ಬಿಚ್ಚುವುದು ಸುಲಭವೇ ಎಂದು ಕೇಳಿ. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪುಗೊಂಡು ಲೋಕವೆಲ್ಲ ಹರಡಿದ ಇಂಡಿಯಾ ಮಾರ್ಕ್ 2 ಗಟ್ಟಿಯಾದದ್ದು, ಆದರೆ ನಾನು ಹೇಳಿದ ಪೈಪು ಎಳೆಯುವ ಕಷ್ಟ ಅದರದ್ದೇ. ಆಮೇಲೆ ಬಂದ ಮಾರ್ಕ್ 3 ಮತ್ತು ಆಫ್ರಿದೇವ್ ಮಾದರಿಗಳಲ್ಲಿ ಪೈಪನ್ನು ನೆಲದಲ್ಲೇ ಬಿಟ್ಟು ಪಿಸ್ಟನ್ನನ್ನು ಮಾತ್ರ ಮೇಲೆಳೆಯಬಹುದು. ಇನ್ನೊಂದು ಎಚ್ಚರಿಕೆ: ನೀರು ಆಮ್ಲೀಯವಾಗಿದ್ದರೆ ಸತುವಿನ ಲೇಪದ ಕಬ್ಬಿಣದ ಪೈಪು ಬೇಗ ತುಕ್ಕು ಹಿಡಿಯುತ್ತದೆ. ಆಗ ನೀರು ಕೆಂಪಾಗಿ, ಬಾಯಿಗಿಟ್ಟರೆ ಒಗರಾಗಿ, ಬಟ್ಟೆಗೆ ಕಲೆಯಾಗಿ, ಜನ ಮತ್ತೆ ಹಳೆಯ ಹೊಂಡಕ್ಕೇ ಹೋಗುತ್ತಾರೆ. ಪಂಪು ನಡೆಯುತ್ತಿದೆ ಎಂದು ವರದಿಯಲ್ಲಿ ಬರೆದಿರುತ್ತದೆ, ಕುಡಿಯುವವರು ಇರುವುದಿಲ್ಲ.

ಹಣ ಕೇಳುವ ಬಗೆಯನ್ನೇ ಬದಲಿಸಿಕೊಳ್ಳಬೇಕಾಯಿತು ನಾವು. ಒಂದು ಬಾವಿ ಕೊಡಿ ಎಂದು ಕೇಳುವುದನ್ನು ಬಿಟ್ಟು, ಒಂದು ಹಳ್ಳಿಗೆ ಹತ್ತು ವರ್ಷ ನೀರು ಕೊಡಿ ಎಂದು ಕೇಳತೊಡಗಿದೆವು. ಮೊದಲ ವರ್ಷ ಬಂದ ಮೊತ್ತ ಅರ್ಧಕ್ಕಿಳಿಯಿತು, ಅದನ್ನು ಮುಚ್ಚಿಡುವುದಿಲ್ಲ. ಬಾವಿ ಎಂದರೆ ಕಣ್ಣಿಗೆ ಕಟ್ಟುತ್ತದೆ, ವಾಷರ್ ಎಂದರೆ ಯಾರ ಮನಸ್ಸೂ ಕರಗುವುದಿಲ್ಲ. ಆದರೆ ಉಳಿದ ದಾನಿಗಳು ನಿಂತ ದಾನಿಗಳು; ವರ್ಷವರ್ಷವೂ ಚಿಕ್ಕ ಮೊತ್ತ ಕಳಿಸುವವರು. ಆ ಮೂರು ಪಂಪುಗಳಲ್ಲಿ ಎರಡನ್ನು ಆ ಹಣದಿಂದಲೇ ಮತ್ತೆ ನಡೆಸಿದೆವು. ಮೂರನೆಯದರ ಬಾವಿಯೇ ಬತ್ತಿಹೋಗಿತ್ತು.

ಉತ್ತರ: ನೇರ ನುಡಿ

ಎಲ್ಲರೂ ವಾಷರಿನ ಬಗ್ಗೆ ಮಾತನಾಡುತ್ತಿದ್ದೀರಿ. ಮೂಲ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಶುದ್ಧ ಕುಡಿಯುವ ನೀರು ಮಾನವ ಹಕ್ಕು ಎಂದು ವಿಶ್ವಸಂಸ್ಥೆಯ ಮಹಾಸಭೆ 2010ರ ಜುಲೈ 28ರಂದು ನಿರ್ಣಯ ಮಾಡಿತು; ವಿರುದ್ಧವಾಗಿ ಒಂದು ಮತವೂ ಬೀಳಲಿಲ್ಲ. ಹಕ್ಕು ಎಂದ ಮೇಲೆ ಅದನ್ನು ಒದಗಿಸಬೇಕಾದದ್ದು ಆಯಾ ಸರ್ಕಾರ. ಚೀಲ ಹೊಲಿದು ಮಾರುವ ಹೆಂಗಸರು ಆ ಹೊಣೆಯನ್ನು ಹೆಗಲಿಗೇರಿಸಿಕೊಂಡರೆ, ಹೊಣೆ ಹೊರಬೇಕಾದವರು ಹಾಯಾಗಿ ಕೈತೊಳೆದುಕೊಳ್ಳುತ್ತಾರೆ. 2022ರ ಅಂಕಿಯಂತೆ ಲೋಕದಲ್ಲಿ 220 ಕೋಟಿ ಜನರಿಗೆ ಸುರಕ್ಷಿತವಾಗಿ ನಿರ್ವಹಿಸಿದ ಕುಡಿಯುವ ನೀರಿಲ್ಲ. ಎಷ್ಟು ಚೀಲ ಹೊಲಿಯುತ್ತೀರಿ?

ಒಳ್ಳೆಯ ಮನಸ್ಸಿನ ದಾನಗಳು ದಾರಿ ತಪ್ಪಿದ್ದಕ್ಕೂ ಉದಾಹರಣೆಯಿದೆ. ಮಕ್ಕಳು ಕುಳಿತು ತಿರುಗುವ ಆಟದ ಚಕ್ರಕ್ಕೆ ಪಂಪು ಜೋಡಿಸಿ, ಮಕ್ಕಳ ಆಟದಿಂದಲೇ ನೀರೆತ್ತುವ ಯೋಜನೆಯೊಂದು ದಕ್ಷಿಣ ಆಫ್ರಿಕಾದಿಂದ ಹೊರಟು 2006ರ ಸುಮಾರಿಗೆ ದೊಡ್ಡ ದೊಡ್ಡ ದಾನಿಗಳ ಮನ ಗೆದ್ದಿತ್ತು. ಆಟವಾಡುವ ಮಕ್ಕಳ ಚಿತ್ರ ಎಲ್ಲೆಡೆ ಬಂತು. ಮಕ್ಕಳಿಲ್ಲದ ಹೊತ್ತಿನಲ್ಲಿ, ವಯಸ್ಸಾದ ಹೆಂಗಸರು ಬಗ್ಗಿ ಆ ಚಕ್ರವನ್ನು ಕೈಯಿಂದ ನೂಕಿ ತಿರುಗಿಸಬೇಕಾಯಿತು. ಹಳೆಯ ಕೈಪಂಪೇ ವಾಸಿಯಿತ್ತು ಎಂದರು ಅವರು. ಕೊಡುವವರಿಗೆ ಚೆಂದ ಕಂಡದ್ದು ಸೇದುವವರಿಗೆ ಅನುಕೂಲವಾಗಬೇಕೆಂದಿಲ್ಲ.

ಉತ್ತರ: ಹಳೆಯ ಖಜಾಂಚಿ

ನೇರ ನುಡಿಯವರೇ, ಸರ್ಕಾರದ ಹೊಣೆಯ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ, ಅದರಿಂದ ನೀವು ತೆಗೆದ ತೀರ್ಮಾನವನ್ನು ಒಪ್ಪುವುದಿಲ್ಲ. ನಮ್ಮ ಎರಡು ಪಂಪುಗಳನ್ನು ಸ್ಥಳೀಯ ಆಡಳಿತದ ಆಸ್ತಿ ಪಟ್ಟಿಗೆ ಸೇರಿಸಲು ಹಳ್ಳಿಯ ಹೆಂಗಸರು ಒಂದು ವರ್ಷ ಕಚೇರಿಗೆ ಅಲೆದರು. ಪಟ್ಟಿಗೆ ಸೇರಿದ ಮೇಲೆ ಮೆಕ್ಯಾನಿಕ್ ಬರತೊಡಗಿದ. ಇಲ್ಲದ ಬಾವಿಯನ್ನು ಪಟ್ಟಿಗೆ ಸೇರಿಸಿ ಎಂದು ಕೇಳಲು ಆಗುತ್ತಿರಲಿಲ್ಲ. ಪ್ರಶ್ನೆ ಕೇಳಿದವರು ಇದನ್ನೂ ಗುರುತು ಹಾಕಿಕೊಳ್ಳಲಿ: ಕೊರೆಯುವ ಮೊದಲೇ ಆ ಆಡಳಿತದಿಂದ ಲಿಖಿತ ಒಪ್ಪಿಗೆ ಪಡೆಯಿರಿ, ಬಾವಿ ಕೊರೆಯುವ ನೆಲ ಯಾರದೆಂಬುದನ್ನು ಕಾಗದದಲ್ಲಿ ಖಚಿತಪಡಿಸಿಕೊಳ್ಳಿ. ಖಾಸಗಿ ನೆಲದಲ್ಲಿ ಕೊರೆದ ಸಾರ್ವಜನಿಕ ಬಾವಿಯ ಸುತ್ತ ಬೇಲಿ ಏಳಲು ಹೆಚ್ಚು ಕಾಲ ಬೇಕಿಲ್ಲ.

ಉತ್ತರ: ಕೊಡ ಹೊತ್ತವಳು

ಬಾವಿ ಕೊಟ್ಟವರ ಮಾತುಗಳನ್ನೇ ಓದುತ್ತಿದ್ದೆ. ಬಾವಿ ಪಡೆದ ಹಳ್ಳಿಯವಳೊಬ್ಬಳ ಮಾತೂ ಇರಲಿ ಎಂದು ಬರೆಯುತ್ತಿದ್ದೇನೆ. ನಾನು ಹುಟ್ಟಿ ಬೆಳೆದ ಊರಿಗೆ ನನ್ನ ಹನ್ನೆರಡನೆಯ ವಯಸ್ಸಿನಲ್ಲಿ ಹೊರಗಿನವರ ಹಣದಿಂದ ಬಾವಿ ಬಂತು. ಅದಕ್ಕೂ ಮೊದಲು ಹೊಳೆಯ ಪಾತ್ರದ ಮರಳಿನಲ್ಲಿ ಒರತೆ ತೋಡಿ, ಚಿಪ್ಪಿನಿಂದ ತೋಡಿ ತೋಡಿ ಕೊಡ ತುಂಬಿಸುತ್ತಿದ್ದೆವು. ಒರತೆಯಲ್ಲಿ ನೀರು ಊರುವವರೆಗೆ ಕಾಯಬೇಕು. ಒಂದು ಕೊಡ ತುಂಬುವಷ್ಟರಲ್ಲಿ ಹೊತ್ತು ಒಂದು ಮಾರು ಏರಿರುತ್ತಿತ್ತು. ಮನೆಯಲ್ಲಿ ನೀರಿಲ್ಲದ ಕಡೆಗಳಲ್ಲಿ ಹತ್ತರಲ್ಲಿ ಏಳು ಮನೆಗಳ ನೀರು ತರುವ ಕೆಲಸ ಹೆಂಗಸರದು ಮತ್ತು ಹುಡುಗಿಯರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2023ರಲ್ಲಿ ಹೇಳಿವೆ. ನಮ್ಮ ಕೇರಿಯಲ್ಲಿ ಹತ್ತಕ್ಕೆ ಹತ್ತೂ ಹಾಗೆಯೇ ಇತ್ತು.

ಬಾವಿ ಬಂದದ್ದು ದೊಡ್ಡ ಉಪಕಾರವೇ. ಆ ವರ್ಷದಿಂದ ನಾನು ಬೆಳಗಿನ ಮೊದಲ ಪಾಠಕ್ಕೆ ಶಾಲೆಯಲ್ಲಿರುತ್ತಿದ್ದೆ. ಆದರೆ ಕೆಲವು ಸಂಗತಿಗಳನ್ನು ಕೊಟ್ಟವರು ಕೇಳಲೇ ಇಲ್ಲ. ಜಾಗ ಗುರುತಿಸಲು ಬಂದವರು ಊರ ಹಿರಿಯ ಗಂಡಸರ ಜೊತೆ ಕಟ್ಟೆಯ ಮೇಲೆ ಕುಳಿತು ಮಾತಾಡಿದರು. ಪಂಪು ಹಿರಿಯರೊಬ್ಬರ ಮನೆಯೆದುರೇ ಬಂತು. ಅಲ್ಲಿ ನಿಂತು ನೀರು ಹಿಡಿಯಲು ನಮ್ಮ ಕೇರಿಯವರು ಮೊದಲು ಆ ಮನೆಯವರ ಮುಖ ನೋಡಬೇಕಿತ್ತು. ಬೇಸಿಗೆಯಲ್ಲಿ ನಮ್ಮ ಕೊಡಗಳು ಸಾಲಿನ ಕೊನೆಯಲ್ಲೇ ಇರುತ್ತಿದ್ದವು, ಎಷ್ಟು ಬೇಗ ಇಟ್ಟರೂ. ನೀರಿನ ಸಮಿತಿಯಲ್ಲಿ ನನ್ನ ತಾಯಿಯ ಹೆಸರಿತ್ತು. ಅವಳು ಸಭೆಯಿದೆ ಎಂದು ಎಂದೂ ಕೇಳಲಿಲ್ಲ; ನಿರ್ಣಯ ಪುಸ್ತಕವೇ ಮನೆಗೆ ಬರುತ್ತಿತ್ತು, ಅವಳು ಹೆಬ್ಬೆಟ್ಟು ಒತ್ತಿ ಕಳಿಸುತ್ತಿದ್ದಳು. ನೀರಿನ ವ್ಯವಸ್ಥೆ ಮತ್ತು ನಿರ್ವಹಣೆಯಲ್ಲಿ ಹೆಂಗಸರದೇ ಮುಖ್ಯ ಪಾತ್ರ ಎಂದು 1992ರಲ್ಲಿ ನೀರಿನ ಕುರಿತ ಡಬ್ಲಿನ್ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಬರೆದಿಟ್ಟ ಮಾತನ್ನು ನಾನು ದೊಡ್ಡವಳಾದ ಮೇಲೆ ಓದಿದೆ. ನೆನಪಾದದ್ದು ಆ ಹೆಬ್ಬೆಟ್ಟಿನ ನೀಲಿ.

ಹಾಗಾಗಿ ಜಾಗ ಗುರುತಿಸುವ ದಿನ ಹೆಂಗಸರನ್ನು ಬೇರೆಯಾಗಿ, ಅವರು ಈಗ ನೀರು ತರುವ ಜಾಗಕ್ಕೇ ಹೋಗಿ ಕೇಳಿ. ಭೂಗರ್ಭದವರು ನೀರು ಬೀಳಬಹುದಾದ ಎರಡು ಮೂರು ಜಾಗ ತೋರಿಸಲಿ, ಅವುಗಳಲ್ಲಿ ಒಂದನ್ನು ಹೆಂಗಸರು ಆರಿಸಲಿ. ಕತ್ತಲಾದ ಮೇಲೂ ಹೋಗಿಬರಲು ಭಯವಿಲ್ಲದ ಜಾಗ ಯಾವುದೆಂದು ಅವರಿಗೆ ಗೊತ್ತಿರುತ್ತದೆ. ಹಿಡಿಯ ಎತ್ತರವನ್ನು ಹತ್ತು ವರ್ಷದ ಹುಡುಗಿಯಿಂದ ಒತ್ತಿಸಿ ನೋಡಿ. ನಾನು ನೇತುಬಿದ್ದು ಒತ್ತುತ್ತಿದ್ದೆ, ಒಮ್ಮೆ ಹಿಡಿ ಮೇಲೆ ಹಾರಿ ಗದ್ದಕ್ಕೆ ಬಡಿದ ಗುರುತು ಈಗಲೂ ಇದೆ. ಕೊಡ ಇಟ್ಟು ತಲೆಗೇರಿಸಿಕೊಳ್ಳಲು ಸೊಂಟದೆತ್ತರದ ಒಂದು ಕಟ್ಟೆ ಕಟ್ಟಿಸಿ, ಬಸುರಿಯರಿಗೂ ಮುದುಕಿಯರಿಗೂ ಅದೊಂದು ದೊಡ್ಡ ಉಪಕಾರ. ಸೋರಿದ ನೀರು ಕಾಲುವೆಯಲ್ಲಿ ಹರಿದು ದೂರದ ಇಂಗುಗುಂಡಿಗೋ ಗಿಡಗಳಿಗೋ ಹೋಗಲಿ. ಪಂಪಿನ ಬುಡದಲ್ಲಿ ಕೆಸರಾದರೆ ದನ ಬಂದು ನಿಲ್ಲುತ್ತವೆ, ಅದೇ ಕೆಸರು ಬಿರುಕಿನೊಳಗಿಂದ ಮತ್ತೆ ಬಾವಿಗೆ ಇಳಿಯುತ್ತದೆ.

ರಿಪೇರಿ ಕಲಿಸುವುದಿದ್ದರೆ ಊರಲ್ಲೇ ಉಳಿಯುವ ಹೆಂಗಸರಿಗೆ ಕಲಿಸಿ. ನಮ್ಮಲ್ಲಿ ಇಬ್ಬರು ಹುಡುಗರಿಗೆ ಕಲಿಸಿದ್ದರು. ಮರುವರ್ಷವೇ ಇಬ್ಬರೂ ಕೆಲಸ ಹುಡುಕಿಕೊಂಡು ಪಟ್ಟಣಕ್ಕೆ ಹೋದರು, ಸ್ಪ್ಯಾನರ್ ಪೆಟ್ಟಿಗೆಯ ಕೀಲಿಯೂ ಅವರೊಂದಿಗೇ ಹೋಯಿತು. ಆಮೇಲೆ ನನ್ನ ಚಿಕ್ಕಮ್ಮ ಬೀಗ ಒಡೆದು, ಬಿಚ್ಚಿ ನೋಡಿ ನೋಡಿ ಕಲಿತಳು. ಬಾವಿಯೊಂದೇ ಸಾಲದು ಎಂಬುದನ್ನೂ ಸೇರಿಸುತ್ತೇನೆ: ಪಂಪಿನ ಬಾಯಲ್ಲಿ ಶುದ್ಧವಾಗಿದ್ದ ನೀರು, ಬಾಯಿ ತೆರೆದ ಕೊಡದಲ್ಲಿ, ಕೈ ಅದ್ದಿದ ಲೋಟದಲ್ಲಿ ಮನೆಯೊಳಗೇ ಕೆಡುತ್ತದೆ. ಕಿರಿದಾದ ಬಾಯಿಯ, ಮುಚ್ಚಳವಿರುವ ಪಾತ್ರೆಗಳಿಗೂ ಸ್ವಲ್ಪ ಹಣ ತೆಗೆದಿಡಿ.

ನೇರ ನುಡಿಯವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಸರ್ಕಾರ ಬರುವವರೆಗೆ ಒರತೆಯ ಹತ್ತಿರ ಕಾಯುತ್ತಾ ಕೂತವಳು ನಾನಾಗಿದ್ದೆ, ಅಷ್ಟೇ ಹೇಳಬಲ್ಲೆ.

ಪ್ರಶ್ನೆ ಕೇಳಿದವರ ಮರುಮಾತು: ಹದಿಮೂವರಲ್ಲಿ ಒಬ್ಬಳು

ಇವನ್ನೆಲ್ಲ ನಿನ್ನೆ ಗುಂಪಿನ ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಕೊಡ ಹೊತ್ತವರ ಬರಹ ಓದಿ ಮುಗಿಸಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಂದೇ ಬಾವಿ ಎಂದು ಹನ್ನೊಂದು ಮಂದಿ ಒಪ್ಪಿದರು. ಇಬ್ಬರು ಇನ್ನೂ ಒಪ್ಪಿಲ್ಲ. ಎರಡನೆಯ ಹಳ್ಳಿಯವರಿಗೆ ಆಗಲೇ ಆಸೆ ಹುಟ್ಟಿಸಿದ್ದೇವೆ, ಅವರ ಮುಂದೆ ಹೋಗಿ ನಿಂತು ಇಲ್ಲವೆನ್ನುವವರು ಯಾರು ಎಂದು ಕೇಳುತ್ತಾರೆ. ಅವರು ಹೇಳುವುದರಲ್ಲಿ ತಪ್ಪಿಲ್ಲ. ಮೊದಲ ಬಾವಿಯ ನೀರನ್ನು ಒಂದು ಬೇಸಿಗೆ ನೋಡಿ, ಆಮೇಲೆ ಅಲ್ಲಿಗಾಗಿಯೇ ಹೊಸದಾಗಿ ಹಣ ಕೂಡಿಸುತ್ತೇವೆಂದು ನಾವೇ ಹೋಗಿ ಹೇಳಿಬರುವುದೆಂದು ತೀರ್ಮಾನಿಸಿದ್ದೇವೆ. ಹೋಗುವವರ ಪಟ್ಟಿಯಲ್ಲಿ ಆ ಇಬ್ಬರ ಹೆಸರನ್ನೂ ಸೇರಿಸಿದ್ದೇವೆ.

ಉಳಿದಿರುವುದು ದಾನಿಯವರ ಹೆಸರಿನ ಕಲ್ಲು. ಗಡುವನ್ನು ಬೇಸಿಗೆಯ ಕೊನೆಯವರೆಗೆ ಮುಂದೂಡಲು ಅವರು ಒಪ್ಪಿದ್ದಾರೆ, ಕಲ್ಲನ್ನು ಮಾತ್ರ ಬಿಟ್ಟುಕೊಡಲು ಒಪ್ಪುತ್ತಿಲ್ಲ. ಕಲ್ಲು ಹಾಕುವುದರಿಂದ ಕೆಡುಕೇನಾದರೂ ಇದೆಯೇ?

ಉತ್ತರ: ಅಂತರ್ಜಲ

ಕೆಡುಕಿಲ್ಲ, ಹಾಕಿಸಿ. ಆದರೆ ತಾಯಿಯ ಹೆಸರಿನ ಕೆಳಗೆ ಇನ್ನೂ ನಾಲ್ಕು ಸಾಲು ಕೆತ್ತಿಸಿ: ಕೊರೆದ ತಿಂಗಳು ಮತ್ತು ವರ್ಷ, ಬಾವಿಯ ಒಟ್ಟು ಆಳ, ಬೇಸಿಗೆಯ ಕೊನೆಯಲ್ಲಿ ನೀರು ನಿಂತ ಮಟ್ಟ, ಇಳಿಸಿದ ಪೈಪುಗಳ ಸಂಖ್ಯೆ ಮತ್ತು ಪಂಪಿನ ಮಾದರಿ. ಕಾಗದದ ದಾಖಲೆ ಗೆದ್ದಲು ತಿನ್ನುತ್ತದೆ, ಸಂಸ್ಥೆಗಳು ಮುಚ್ಚುತ್ತವೆ, ಕೊರೆದವರ ಫೋನ್ ಸಂಖ್ಯೆ ಬದಲಾಗುತ್ತದೆ. ಹದಿನೈದು ವರ್ಷದ ಮೇಲೆ ಪಂಪು ಬಿಚ್ಚಲು ಬರುವ ಮೆಕ್ಯಾನಿಕ್, ಎಷ್ಟು ಪೈಪು ಎತ್ತಬೇಕೆಂದು ತಿಳಿಯಲು ಆ ಕಲ್ಲಿನ ಮೇಲಿನ ಧೂಳನ್ನು ಕೈಯಿಂದ ಒರೆಸುತ್ತಾನೆ. ಹೆಸರನ್ನೂ ಆಗ ಓದುತ್ತಾನೆ.